ಮಲಗಿದ ಲ್ಯಾಪ್‌ಟಾಪ್ ಎದ್ದಾಗ ಎಲ್ಲ ಮರೆತಿತ್ತು

ಜುಲೈ ತಿಂಗಳ ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನ ಪವರ್ ಬಟನ್ ಒತ್ತಿ ಕಾಫಿ ತರಲು ಒಳಗೆ ಹೋದೆ. ಬಂದು ನೋಡಿದರೆ ಲಾಗಿನ್ ಪರದೆ. ಪಾಸ್‌ವರ್ಡ್ ಕೊಟ್ಟೆ. ಖಾಲಿ ಡೆಸ್ಕ್‌ಟಾಪ್ ಬಂತು. ರಾತ್ರಿ ತೆರೆದಿಟ್ಟಿದ್ದ ಜಾತ್ರೆ ಲೆಕ್ಕದ ಶೀಟ್ ಇಲ್ಲ, ಟರ್ಮಿನಲ್ ಇಲ್ಲ, ಬ್ರೌಸರ್ ಇಲ್ಲ. ರಾತ್ರಿ ನಾನು ಅದನ್ನು ಶಟ್‌ಡೌನ್ ಮಾಡಿರಲಿಲ್ಲ, ಹೈಬರ್ನೇಟ್ ಮಾಡಿದ್ದೆ. ಅದು ಎದ್ದು ಬಂದಿದ್ದು ಮಾತ್ರ ಈಗಷ್ಟೇ ಹುಟ್ಟಿದ ಮಗುವಿನ ಹಾಗೆ.

ನಷ್ಟ ದೊಡ್ಡದೇನಲ್ಲ. ಲಿಬ್ರೆಆಫೀಸ್ ಹತ್ತು ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ತೆಗೆದಿಡುತ್ತದೆ, ಅದರಿಂದ ಬಹುಪಾಲು ವಾಪಸ್ ಸಿಕ್ಕಿತು. ಕೊನೆಯ ಹದಿನೈದಿಪ್ಪತ್ತು ರಸೀದಿಗಳನ್ನು ಮತ್ತೆ ಟೈಪ್ ಮಾಡಬೇಕಾಯಿತು, ಅಷ್ಟೇ. ಆದರೆ ಮಾರನೇ ದಿನವೂ ಹೀಗೇ ಆಯಿತು. ಅದರ ಮಾರನೇ ದಿನವೂ. ಆಗ ಕೂತು ನೋಡಲೇಬೇಕಾಯಿತು.

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿತ್ತು ಅಂದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಯಾರನ್ನೂ ಕೇಳುವ ಹಾಗಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿಗೂ ವಯಸ್ಸಾಗಿದೆ, ಇಪ್ಪತ್ತು ನಿಮಿಷ ಎಳೆದರೆ ಜಾಸ್ತಿ. ಸುಮ್ನೆ ಮುಚ್ಚಿಟ್ಟು ಸ್ಲೀಪ್‌ಗೆ ಹಾಕಿದರೆ ರ‍್ಯಾಮ್‌ಗೆ ಸಣ್ಣದಾಗಿ ಕರೆಂಟ್ ಹೋಗುತ್ತಲೇ ಇರಬೇಕು. ಬ್ಯಾಟರಿ ಸತ್ತರೆ ರ‍್ಯಾಮಿನಲ್ಲಿದ್ದದ್ದೂ ಸತ್ತಂತೆ. ಅದಕ್ಕೇ ನನಗೆ ಹೈಬರ್ನೇಟ್ ಬೇಕು. ಅದರಲ್ಲಿ ರ‍್ಯಾಮಿನಲ್ಲಿ ಇದ್ದದ್ದೆಲ್ಲ ಡಿಸ್ಕಿಗೆ ಹೋಗುತ್ತದೆ, ಮಷಿನ್ ಪೂರ್ತಿ ಆಫ್ ಆಗುತ್ತದೆ. ಎರಡು ದಿನ ಕರೆಂಟ್ ಇಲ್ಲದಿದ್ದರೂ ಚಿಂತೆ ಇಲ್ಲ.

ಮಷಿನ್ ಹಳೆಯದು, ಬ್ರ್ಯಾಂಡ್ ಯಾವುದೆಂದು ಹೇಳುವ ಅಗತ್ಯವಿಲ್ಲ. ಈ ಕಥೆಯಲ್ಲಿ ತಪ್ಪು ಅದರದ್ದಲ್ಲ, ನನ್ನದು. ಡೆಬಿಯನ್ 12 ಎಂಬ ಲಿನಕ್ಸ್, ಅದರ ತಿರುಳಾದ ಕರ್ನಲ್ 6.1, ಒಂದು ಸಾಟಾ ಎಸ್‌ಎಸ್‌ಡಿ. 2023ರಲ್ಲಿ ಇನ್‌ಸ್ಟಾಲ್ ಮಾಡಿದ ದಿನದಿಂದ ಹೈಬರ್ನೇಟ್ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಹಾಗಾದರೆ ಈಗ ಬದಲಾಗಿದ್ದು ಏನು? ಹದಿನೈದು ದಿನದ ಹಿಂದೆ 8 ಜಿಬಿ ಇದ್ದ ರ‍್ಯಾಮನ್ನು 16 ಜಿಬಿ ಮಾಡಿದ್ದೆ. ಹೈಬರ್ನೇಟ್ ಆಗುವಾಗ ಮೆಮೊರಿ ಹೋಗಿ ಕೂರುವುದು ಡಿಸ್ಕಿನ ಸ್ವಾಪ್ ಎಂಬ ಭಾಗದಲ್ಲಿ. ಸ್ವಾಪ್ ರ‍್ಯಾಮಿಗಿಂತ ದೊಡ್ಡದಿರಬೇಕು ಎಂದು ಎಲ್ಲರೂ ಹೇಳುತ್ತಾರಲ್ವಾ, ಹಾಗಾಗಿ ಸ್ವಾಪನ್ನೂ ದೊಡ್ಡದು ಮಾಡಿದ್ದೆ. ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕನ್ನು ಪಾರ್ಟಿಷನ್‌ಗಳಾಗಿ ಹಂಚುವ ಜಿಪಾರ್ಟೆಡ್‌ನಲ್ಲಿ ಹಳೆ ಸ್ವಾಪ್ ಪಾರ್ಟಿಷನ್ ಅಳಿಸಿ, ಪಕ್ಕದ, ಸಿಸ್ಟಮ್ ಇರುವ ರೂಟ್ ಪಾರ್ಟಿಷನ್ ಸ್ವಲ್ಪ ಕುಗ್ಗಿಸಿ, 18 ಜಿಬಿಯ ಹೊಸ ಸ್ವಾಪ್ ಮಾಡಿದ್ದೆ.

ಆ ದಿನ ಮೊದಲ ಸಲ ಬೂಟ್ ಆಗುವಾಗ ಪರದೆಯ ಮೇಲೆ ಒಂದು ಕೆಂಪು ಗೆರೆ ಆಚೀಚೆ ಓಡಾಡುತ್ತಾ ನಿಂತುಬಿಟ್ಟಿತ್ತು. ಯಾವುದೋ ಡಿಸ್ಕಿಗೆ ಕಾಯುತ್ತಿದ್ದೇನೆ, ಮಿತಿ 1 ನಿಮಿಷ 30 ಸೆಕೆಂಡ್ ಎಂಬ ಲೆಕ್ಕ. ಕಾರಣ ನನಗೆ ಗೊತ್ತಿತ್ತು. ಪ್ರತಿ ಪಾರ್ಟಿಷನ್‌ಗೂ ಯುಯುಐಡಿ ಅಂತ ಒಂದು ಉದ್ದದ ಗುರುತಿನ ಸಂಖ್ಯೆ ಇರುತ್ತದೆ. ಸ್ವಾಪ್ ಹೊಸದಾಗಿ ಮಾಡಿದರೆ ಸಂಖ್ಯೆಯೂ ಹೊಸದು. ಯಾವ ಪಾರ್ಟಿಷನ್ ಎಲ್ಲಿ ಬಳಸಬೇಕೆಂದು ಪಟ್ಟಿ ಮಾಡಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯದೇ ಇತ್ತು. ಅದನ್ನು ತಿದ್ದಿದೆ. ಆ ಒಂದೂವರೆ ನಿಮಿಷದ ಕಾಯುವಿಕೆ ಹೋಯಿತು. ಸ್ವಾಪ್ ಆನ್ ಆಗಿದೆ, 18 ಜಿಬಿ ಕಾಣುತ್ತಿದೆ. ಕೆಲಸ ಮುಗಿಯಿತು ಎಂದುಕೊಂಡೆ.

ಬೂಟ್ ಮೊದಲಿಗಿಂತ ಸ್ವಲ್ಪ ನಿಧಾನ ಅನಿಸಿತ್ತು, ನಿಜ. ಆದರೆ ಎರಡು ನಿಮಿಷ ಕಾದು ಕೂತವನಿಗೆ ಅರ್ಧ ನಿಮಿಷ ಅಂದರೆ ಹಬ್ಬ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ಪ್ರಕರಣದ ಕೀಲಿ ಆ ಅರ್ಧ ನಿಮಿಷದಲ್ಲೇ ಇತ್ತು. ನನಗೆ ಅದು ಕಾಣಿಸಿದ್ದು ಮೂರು ಸಂಜೆ ಹಾಳಾದ ಮೇಲೆ.

ಯಾರ ಮೇಲೆಲ್ಲ ಅನುಮಾನ ಪಟ್ಟೆ

ಮೊದಲ ಅನುಮಾನ ಬ್ಯಾಟರಿ ಮೇಲೆ. ಡಿಸ್ಕಿಗೆ ಬರೆಯುವ ಮಧ್ಯದಲ್ಲೇ ಪವರ್ ಹೋಗುತ್ತಿರಬಹುದಾ? ಚಾರ್ಜರ್ ಹಾಕಿಕೊಂಡೇ ಹೈಬರ್ನೇಟ್ ಮಾಡಿ ನೋಡಿದೆ. ಡಿಸ್ಕಿನ ದೀಪ ಸ್ವಲ್ಪ ಹೊತ್ತು ಮಿನುಗಿತು, ನಿಂತಿತು, ಮಷಿನ್ ಸರಿಯಾಗಿ ಆಫ್ ಆಯಿತು. ಆನ್ ಮಾಡಿದರೆ ಅದೇ ಖಾಲಿ ಡೆಸ್ಕ್‌ಟಾಪ್. ಬ್ಯಾಟರಿ ಪಾಪ, ನಿರಪರಾಧಿ.

ಎರಡನೆಯದು ಹೊಸ ರ‍್ಯಾಮ್. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ. ಒಂದು ದೋಷವೂ ಸಿಗಲಿಲ್ಲ.

ಮೂರನೆಯದು ಡ್ರೈವರ್‌ಗಳು. ಹೈಬರ್ನೇಟ್ ಕೆಟ್ಟಾಗ ಲಿನಕ್ಸ್ ಬಳಸುವವರು ಮೊದಲು ಬೈಯುವುದು ಗ್ರಾಫಿಕ್ಸ್ ಡ್ರೈವರನ್ನು, ಆಮೇಲೆ ವೈಫೈಯನ್ನು. ಅದನ್ನು ಪರೀಕ್ಷಿಸಲು ಕರ್ನಲ್‌ನಲ್ಲೇ ಒಂದು ಏಣಿ ಇದೆ. ಸಿಸ್ ಡೈರೆಕ್ಟರಿಯ ಪವರ್ ಫೋಲ್ಡರಿನಲ್ಲಿ ಪಿಎಂ-ಟೆಸ್ಟ್ ಎಂಬ ಫೈಲ್. ಅದಕ್ಕೆ ಫ್ರೀಜರ್ ಎಂದು ಬರೆದು ಹೈಬರ್ನೇಟ್ ಮಾಡಿದರೆ ಪ್ರೋಗ್ರಾಮ್‌ಗಳನ್ನು ಮಾತ್ರ ನಿಲ್ಲಿಸಿ, 5 ಸೆಕೆಂಡ್ ಕಾದು, ವಾಪಸ್ ಬಿಡುತ್ತದೆ. ಡಿವೈಸಸ್ ಎಂದು ಬರೆದರೆ ಡ್ರೈವರ್‌ಗಳನ್ನೂ ಮಲಗಿಸಿ ಎಬ್ಬಿಸುತ್ತದೆ. ಆಮೇಲೆ ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್. ಒಂದೊಂದೇ ಮೆಟ್ಟಿಲು ಇಳಿದು ನೋಡಬಹುದು. ಎಲ್ಲೂ ಜಾರಲಿಲ್ಲ.

ಕೊನೆಗೆ ಇನ್ನೊಂದು. ಅದೇ ಫೋಲ್ಡರಿನ ಡಿಸ್ಕ್ ಎಂಬ ಫೈಲಿಗೆ ಟೆಸ್ಟ್-ರಿಸ್ಯೂಮ್ ಎಂದು ಬರೆದರೆ ಕರ್ನಲ್ ಮೆಮೊರಿಯನ್ನು ನಿಜವಾಗಿಯೇ ಸ್ವಾಪಿಗೆ ಬರೆಯುತ್ತದೆ, ಆಫ್ ಆಗುವ ಬದಲು ಅಲ್ಲೇ ಅದನ್ನು ಓದಿ ವಾಪಸ್ ಏಳುತ್ತದೆ. ಇದೂ ಪಾಸ್. ಕರ್ಸರ್ ಇದ್ದ ಜಾಗದಲ್ಲೇ ಮಿನುಗುತ್ತಿತ್ತು.

ಇಲ್ಲಿ ನಾನು ನಿಂತು ಯೋಚಿಸಬೇಕಿತ್ತು. ಬರೆಯುವುದು ಸರಿ ಇದೆ, ಓದುವುದೂ ಸರಿ ಇದೆ. ಆಫ್ ಆಗಿ ಆನ್ ಆದರೆ ಮಾತ್ರ ಕೆಡುತ್ತದೆ. ಅಂದರೆ ತೊಂದರೆ ಇರುವುದು ಬೂಟ್ ಆಗುವ ದಾರಿಯಲ್ಲಿ. ನಾನು ಯೋಚಿಸಲಿಲ್ಲ. ಇನ್ನೂ ಒಂದು ಸಂಜೆ ಗ್ರಾಫಿಕ್ಸ್ ಡ್ರೈವರಿನ ಆಯ್ಕೆಗಳನ್ನು ಆಚೀಚೆ ಮಾಡುತ್ತಾ ಕೂತಿದ್ದೆ. ಬೈಯುವ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಹತ್ತು ಅಕ್ಷರ

ಇಲ್ಲಿ ಸ್ವಲ್ಪ ಒಳಗಿನ ಸಂಗತಿ ಹೇಳಬೇಕು. ಹೈಬರ್ನೇಟ್ ಆದ ಮಷಿನ್ ಏಳುವುದು ಮಾಮೂಲಿ ಬೂಟ್ ಹಾಗೆಯೇ. ಕರ್ನಲನ್ನು ಶುರು ಮಾಡುವ ಗ್ರಬ್ ಬರುತ್ತದೆ, ಹೊಸ ಕರ್ನಲ್ ಒಂದು ಶುರುವಾಗುತ್ತದೆ, ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ವ್ಯವಸ್ಥೆ ಮೆಮೊರಿಯಲ್ಲಿ ಬಿಚ್ಚಿಕೊಳ್ಳುತ್ತದೆ. ರಾತ್ರಿ ನಾನು ಬಳಸುತ್ತಿದ್ದ ಕರ್ನಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಈ ಪುಟ್ಟ ವ್ಯವಸ್ಥೆ ರೂಟ್ ಪಾರ್ಟಿಷನ್ ಮುಟ್ಟುವ ಮೊದಲು ಒಂದು ಕೆಲಸ ಮಾಡುತ್ತದೆ. ತನಗೆ ಹೇಳಿಕೊಟ್ಟ ಸ್ವಾಪ್ ಪಾರ್ಟಿಷನ್‌ಗೆ ಹೋಗಿ, ಅಲ್ಲಿ ಮಲಗಿದ ಮೆಮೊರಿ ಏನಾದರೂ ಇದೆಯಾ ಎಂದು ನೋಡುತ್ತದೆ. ಇದ್ದರೆ ಅದನ್ನು ಓದಿಕೊಂಡು ಹಳೆ ಕರ್ನಲ್‌ಗೆ ಕುರ್ಚಿ ಬಿಟ್ಟುಕೊಡುತ್ತದೆ. ಇಲ್ಲದಿದ್ದರೆ ಮಾಮೂಲಿಯಾಗಿ ಮುಂದುವರಿಯುತ್ತದೆ.

ಇದೆಯಾ ಇಲ್ಲವಾ ಎಂದು ಗೊತ್ತಾಗುವುದು ಹೇಗೆ? ಸ್ವಾಪ್ ಪಾರ್ಟಿಷನ್ನಿನ ಮೊದಲ ಪುಟ 4096 ಬೈಟ್. ಅದರ ಕೊನೆಯ 10 ಬೈಟ್‌ಗಳಲ್ಲಿ, ಅಂದರೆ 4086ನೇ ಬೈಟ್ ದಾಟಿದ ಮೇಲೆ, ಒಂದು ಮುದ್ರೆ ಇರುತ್ತದೆ. ಸುಮ್ಮನೆ ಇರುವ ಸ್ವಾಪ್ ಆದರೆ ಅಲ್ಲಿ ‘ಸ್ವಾಪ್‌ಸ್ಪೇಸ್2’ ಎಂದು ಬರೆದಿರುತ್ತದೆ. ಇಂಗ್ಲಿಷಿನಲ್ಲಿ ಸರಿಯಾಗಿ ಹತ್ತು ಅಕ್ಷರ. ಹೈಬರ್ನೇಟ್ ಆಗುವಾಗ ಕರ್ನಲ್ ಅದನ್ನು ತೆಗೆದು ‘ಎಸ್1ಸಸ್ಪೆಂಡ್’ ಎಂದು ಬರೆಯುತ್ತದೆ.

ಹಾಗಾದರೆ ಕಣ್ಣಾರೆ ನೋಡಿಯೇ ಬಿಡೋಣ ಅನಿಸಿತು. ಹೈಬರ್ನೇಟ್ ಮಾಡಿದೆ. ಆಮೇಲೆ ಡಿಸ್ಕಿನಿಂದ ಬೂಟ್ ಮಾಡದೆ ಯುಎಸ್‌ಬಿಯಿಂದ ಬೂಟ್ ಮಾಡಿದೆ. ಇಲ್ಲಿ ಒಂದು ಎಚ್ಚರ. ಈ ಸ್ಥಿತಿಯಲ್ಲಿ ರೂಟ್ ಪಾರ್ಟಿಷನ್ನನ್ನು ಮೌಂಟ್ ಮಾಡಲೇಬಾರದು, ಅಂದರೆ ಬಳಕೆಗೆ ತೆರೆಯಲೇಬಾರದು, ಓದಲು ಮಾತ್ರ ಎಂದು ಕೂಡ. ಎಕ್ಸ್ಟ್4 ಫೈಲ್ ಸಿಸ್ಟಮ್ ಓದುವುದಕ್ಕೆ ಮಾತ್ರ ಮೌಂಟ್ ಆದಾಗಲೂ ಜರ್ನಲ್‌ನಲ್ಲಿ, ಅಂದರೆ ತನ್ನ ಬದಲಾವಣೆಗಳ ಪಟ್ಟಿಯಲ್ಲಿ, ಬಾಕಿ ಇರುವುದನ್ನು ಡಿಸ್ಕಿಗೆ ಬರೆದುಬಿಡುತ್ತದೆ. ಮಲಗಿರುವ ಕರ್ನಲ್‌ಗೆ ಅದು ಗೊತ್ತಿರುವುದಿಲ್ಲ. ಆಮೇಲೆ ಅದು ಎದ್ದು ತನ್ನ ಹಳೆ ಲೆಕ್ಕದ ಮೇಲೆ ಬರೆಯಲು ಶುರು ಮಾಡಿದರೆ ಫೈಲ್‌ಗಳ ಗತಿ ಮುಗಿದಂತೆ. ಯುಎಸ್‌ಬಿಯಲ್ಲಿರುವ ಸಿಸ್ಟಮ್ ನನ್ನ ಡಿಸ್ಕಿನ ಸ್ವಾಪನ್ನು ತಾನೇ ಆನ್ ಮಾಡಿಕೊಂಡಿಲ್ಲ ಎಂದೂ ಮೊದಲು ನೋಡಿಕೊಂಡೆ.

ಡಿಡಿ ಕಮಾಂಡಿನಿಂದ 4086 ಬೈಟ್ ಬಿಟ್ಟು ಮುಂದಿನ 10 ಬೈಟ್ ಓದಿದೆ. ಪರದೆಯ ಮೇಲೆ ಬಂತು: ಎಸ್1ಸಸ್ಪೆಂಡ್.

ನನ್ನ ರಾತ್ರಿಯ ಕೆಲಸ ಅಲ್ಲೇ ಇತ್ತು. ಪೂರ್ತಿ, ಭದ್ರವಾಗಿ. ಅದನ್ನು ಯಾರೂ ಬಂದು ಎತ್ತಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಈಗ ಡಿಸ್ಕಿನಿಂದ ಬೂಟ್ ಮಾಡಿದೆ. ಎಂದಿನಂತೆ ಖಾಲಿ ಡೆಸ್ಕ್‌ಟಾಪ್. ಮತ್ತೆ ಅದೇ 10 ಬೈಟ್ ಓದಿದರೆ ಸ್ವಾಪ್‌ಸ್ಪೇಸ್2. ನಡುವೆ ಯಾರೋ ಮುದ್ರೆ ಅಳಿಸಿದ್ದಾರೆ! ಯಾರು ಎಂಬುದು ಸಂದೇಶಗಳ ದಾಖಲೆಯಾದ ಸಿಸ್ಟಮ್ ಜರ್ನಲ್‌ನಲ್ಲೇ ಇತ್ತು. ಸ್ವಾಪನ್ನು ಆನ್ ಮಾಡುವ ಸ್ವಾಪ್‌ಆನ್ ಕಮಾಂಡ್ ಒಂದು ಸಾಲು ಬರೆದಿತ್ತು: ಸಾಫ್ಟ್‌ವೇರ್ ಸಸ್ಪೆಂಡ್‌ನ ಡೇಟಾ ಸಿಕ್ಕಿದೆ, ಸ್ವಾಪ್ ಮುದ್ರೆಯನ್ನು ಮತ್ತೆ ಬರೆಯುತ್ತಿದ್ದೇನೆ ಎಂದು. ಹಿಂದಿನ ದಿನಗಳ ಜರ್ನಲ್ ತೆಗೆದು ನೋಡಿದೆ. ಪ್ರತಿ ಬೆಳಿಗ್ಗೆಯೂ ಇದೇ ಸಾಲು.

ಸ್ವಾಪ್‌ಆನ್ ಮಾಡಿದ್ದು ತಪ್ಪಲ್ಲ, ಅದು ಸರಿಯಾದ ಕೆಲಸ. ಅದು ಬರುವ ಹೊತ್ತಿಗೆ ರೂಟ್ ಪಾರ್ಟಿಷನ್ ಮೌಂಟ್ ಆಗಿ, ಫೈಲ್‌ಗಳು ಬದಲಾಗಿರುತ್ತವೆ. ಇನ್ನು ಆ ಹಳೆ ಮೆಮೊರಿಯನ್ನು ಎಬ್ಬಿಸುವುದು ಅಪಾಯ. ಅಳಿಸುವುದೇ ಕ್ಷೇಮ. ತಪ್ಪಾಗಿದ್ದು ಅದಕ್ಕೂ ಮೊದಲು, ಇನಿಟ್‌ರಾಮ್‌ಎಫ್‌ಎಸ್ ಹಂತದಲ್ಲಿ.

ಆ ಅರ್ಧ ನಿಮಿಷ

ಆ ಹಂತದಲ್ಲಿ ಏನಾಗುತ್ತದೆ ಎಂದು ನನಗೆ ಯಾವತ್ತೂ ಕಂಡಿರಲಿಲ್ಲ. ಗ್ರಬ್ ಸಾಲಿನಲ್ಲಿ ಕ್ವಯಟ್ ಮತ್ತು ಸ್ಪ್ಲಾಷ್ ಎಂಬ ಎರಡು ಪದ ಇರುತ್ತವೆ. ಬೂಟ್ ಸಂದೇಶಗಳನ್ನು ಮುಚ್ಚಿ ಚಂದದ ಲೋಗೋ ತೋರಿಸಲು. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ ಆ ಎರಡೂ ಪದ ತೆಗೆದು ಬೂಟ್ ಮಾಡಿದೆ. ಸಾಲುಗಳು ಸರಸರ ಓಡಿದವು. ಒಂದು ಕಡೆ ನಿಂತವು. ನಾನು ಗೋಡೆ ಗಡಿಯಾರ ನೋಡಿದೆ. ಸುಮಾರು 30 ಸೆಕೆಂಡ್ ಆದ ಮೇಲೆ ಈ ಸಾಲು ಬಂತು: ‘ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರಿಸ್ಯೂಮ್ ಡಿವೈಸ್’.

ಕಾದು ಕಾದು ಸಾಕಾಯಿತು, ಆ ಡಿವೈಸ್ ಬರಲೇ ಇಲ್ಲ ಎನ್ನುತ್ತಿದೆ. ಲೋಗೋ ಹಿಂದೆ ನಿಂತು ಹದಿನೈದು ದಿನದಿಂದ ಇದನ್ನೇ ಹೇಳುತ್ತಿತ್ತು. ನಾನು ಮಾತ್ರ ‘ಹಳೇ ಮಷಿನ್, ನಿಧಾನ’ ಎಂದುಕೊಂಡು ಕಾಫಿ ತರಲು ಹೋಗುತ್ತಿದ್ದೆ.

ಇನ್ನು ಉಳಿದದ್ದು ಸುಲಭ. ಸ್ವಾಪ್ ಎಲ್ಲಿದೆ ಎಂದು ಇನಿಟ್‌ರಾಮ್‌ಎಫ್‌ಎಸ್‌ಗೆ ಹೇಳುವುದು ಎಫ್‌ಎಸ್‌ಟ್ಯಾಬ್ ಅಲ್ಲ, ಬೇರೆ ಫೈಲ್. ಇಟಿಸಿ ಡೈರೆಕ್ಟರಿಯ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರಿನೊಳಗೆ, ಕಾನ್ಫ್-ಡಿಯಲ್ಲಿ, ರಿಸ್ಯೂಮ್ ಎಂಬ ಒಂದೇ ಸಾಲಿನ ಫೈಲ್. ಡೆಬಿಯನ್ ಇನ್‌ಸ್ಟಾಲರ್ ಅದನ್ನು ಮೊದಲ ದಿನವೇ ಬರೆದಿಟ್ಟಿರುತ್ತದೆ. ತೆರೆದು ನೋಡಿದೆ. ಬ್ಲಾಕ್‌ಐಡಿ ಕಮಾಂಡ್ ತೋರಿಸಿದ ಹೊಸ ಯುಯುಐಡಿ ಬಿ8 ಎಂದು ಶುರುವಾಗುತ್ತದೆ. ಈ ಫೈಲಿನಲ್ಲಿ ಇದ್ದದ್ದು 3ಎಫ್. ನಾನೇ ಕೈಯಾರೆ ಅಳಿಸಿದ್ದ ಸ್ವಾಪಿನ ಸಂಖ್ಯೆ.

ಮನೆ ಕೀಲಿಯನ್ನು ಹೊಸ ಹೂಕುಂಡದ ಕೆಳಗೆ ಇಟ್ಟು, ಊರಿಂದ ಬರುವವರಿಗೆ ಹಳೆ ಕುಂಡದ ಗುರುತು ಹೇಳಿದ ಹಾಗಾಗಿತ್ತು. ಅವರು ಬಂದು, ಅರ್ಧ ನಿಮಿಷ ಹುಡುಕಿ, ಬಾಗಿಲು ಒಡೆದುಕೊಂಡು ಒಳಗೆ ಹೋಗುತ್ತಿದ್ದರು.

ಮಲಗುವಾಗ ಮಾತ್ರ ಯಾಕೆ ಏನೂ ಅಡ್ಡಿಯಾಗಲಿಲ್ಲ? ಯಾಕೆಂದರೆ ಮಲಗುವ ಕರ್ನಲ್ ಈ ಫೈಲನ್ನು ನೋಡುವುದೇ ಇಲ್ಲ. ಬೂಟ್ ಹೊತ್ತಿನಲ್ಲಿ ಯಾರೂ ರಿಸ್ಯೂಮ್ ಡಿವೈಸ್ ಗೊತ್ತುಮಾಡಿರದಿದ್ದರೆ, ಆಗ ಆನ್ ಇರುವ ಸ್ವಾಪನ್ನು ಹುಡುಕಿ ಅದಕ್ಕೇ ಬರೆಯುತ್ತದೆ. ಬರೆಯುವಾಗ ಎಲ್ಲವೂ ಸರಿ. ಟೆಸ್ಟ್-ರಿಸ್ಯೂಮ್ ಪಾಸಾಗಿದ್ದೂ ಇದಕ್ಕೇ, ಅಲ್ಲಿ ಬರೆದವನೇ ಓದುತ್ತಾನೆ.

ಸಂಖ್ಯೆ ತಿದ್ದಿದೆ. ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿದೆ. ಅದನ್ನು ಓಡಿಸದಿದ್ದರೆ ತಿದ್ದಿದ್ದು ಬೂಟ್ ಹೊತ್ತಿಗೆ ತಲುಪುವುದಿಲ್ಲ, ಇನಿಟ್‌ರಾಮ್‌ಎಫ್‌ಎಸ್ ಒಂದು ಕಟ್ಟಿಟ್ಟ ಗಂಟು. ರೀಬೂಟ್ ಮಾಡಿದೆ.

ಮತ್ತೆ 30 ಸೆಕೆಂಡ್. ಮತ್ತೆ ಅದೇ ಸಾಲು.

ನಿಜ ಹೇಳುತ್ತೇನೆ, ಆಗ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಊಟ ಮಾಡಿ ಬಂದು ಮತ್ತೆ ಕೂತೆ. ಈ ಸಲ ಫೈಲ್‌ಗಳನ್ನು ಬಿಟ್ಟು, ಈಗ ಓಡುತ್ತಿರುವ ಕರ್ನಲ್‌ಗೆ ಬೂಟ್ ಆಗುವಾಗ ನಿಜವಾಗಿ ಏನು ಹೇಳಲಾಗಿತ್ತು ಎಂದು ಪ್ರಾಕ್ ಡೈರೆಕ್ಟರಿಯ ಸಿಎಂಡಿಲೈನ್ ಫೈಲಿನಲ್ಲಿ ನೋಡಿದೆ. ಸಾಲಿನ ಕೊನೆಯಲ್ಲಿ ರಿಸ್ಯೂಮ್ ಇಕ್ವಲ್ಸ್ ಯುಯುಐಡಿ, ಅದರ ಮುಂದೆ 3ಎಫ್.

ಗ್ರಬ್! 2023ರಲ್ಲಿ ಇನ್‌ಸ್ಟಾಲ್ ಮಾಡಿದ ಹೊಸದರಲ್ಲಿ, ಹೈಬರ್ನೇಟ್ ಬೇಕೆಂದರೆ ಗ್ರಬ್ ಸಾಲಿಗೆ ಇದನ್ನು ಸೇರಿಸಿ ಎಂದು ಎಲ್ಲೋ ಓದಿ ಸೇರಿಸಿದ್ದೆ. ಡೆಬಿಯನ್‌ನಲ್ಲಿ ಅದರ ಅಗತ್ಯವೇ ಇರಲಿಲ್ಲ, ರಿಸ್ಯೂಮ್ ಫೈಲ್ ಒಂದೇ ಸಾಕಿತ್ತು. ಎರಡು ಕಡೆಯೂ ಒಂದೇ ಸಂಖ್ಯೆ ಇದ್ದಷ್ಟು ದಿನ ತೊಂದರೆ ಆಗಲಿಲ್ಲ. ಎರಡೂ ಬೇರೆಯಾದಾಗ ಇನಿಟ್‌ರಾಮ್‌ಎಫ್‌ಎಸ್ ಮೊದಲು ತನ್ನ ಫೈಲ್ ಓದುತ್ತದೆ, ಆಮೇಲೆ ಗ್ರಬ್ ಕೊಟ್ಟ ಸಾಲು ಓದುತ್ತದೆ. ಕೊನೆಗೆ ಓದಿದ್ದೇ ಉಳಿಯುತ್ತದೆ. ನಾನು ತಿದ್ದಿದ ಫೈಲನ್ನು ಗ್ರಬ್ ಸಾಲು ಹೊಡೆದು ಹಾಕುತ್ತಿತ್ತು.

ಗ್ರಬ್‌ನಲ್ಲಿ ಹೊಸ ಸಂಖ್ಯೆ ಹಾಕಬಹುದಿತ್ತು. ಹಾಕಲಿಲ್ಲ. ಆ ತುಂಡನ್ನೇ ಕಿತ್ತುಹಾಕಿ ಅಪ್‌ಡೇಟ್-ಗ್ರಬ್ ಓಡಿಸಿದೆ. ಒಂದೇ ವಿಷಯವನ್ನು ಮೂರು ಕಡೆ ಬರೆದಿಡುವುದು ನನ್ನಂಥ ಮರೆಗುಳಿಗೆ ಆಗಿಬರುವುದಿಲ್ಲ.

ಈ ಸಲ ಬೂಟ್ ಎಲ್ಲೂ ನಿಲ್ಲಲಿಲ್ಲ. ಸ್ಪ್ರೆಡ್‌ಶೀಟ್ ತೆರೆದು ಒಂದು ಸೆಲ್‌ನಲ್ಲಿ ಅರ್ಧ ಪದ ಟೈಪ್ ಮಾಡಿ, ಸೇವ್ ಮಾಡದೆ ಹೈಬರ್ನೇಟ್ ಮಾಡಿದೆ. ಚಾರ್ಜರ್ ಕಿತ್ತೆ. ಬ್ಯಾಟರಿಯನ್ನೂ ತೆಗೆದು ಹತ್ತು ನಿಮಿಷ ಪಕ್ಕಕ್ಕಿಟ್ಟೆ. ಮತ್ತೆ ಹಾಕಿ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಕರ್ನಲ್ ಎಣಿಸತೊಡಗಿತು. ಇಮೇಜ್ ಲೋಡಿಂಗ್ ಪ್ರೋಗ್ರೆಸ್ 10, 20, 30. ನೂರಕ್ಕೆ ಬಂದು ಒಂದು ಕ್ಷಣ ಪರದೆ ಪೂರ್ತಿ ಕಪ್ಪಾಯಿತು. ಆಮೇಲೆ ಲಾಕ್ ಪರದೆ. ಅದರ ಹಿಂದೆ ಶೀಟು, ಶೀಟಿನಲ್ಲಿ ಅರ್ಧ ಪದ.

ಆಮೇಲೆ ಸಿಕ್ಕ ಎರಡು ಸಂಗತಿ

ಒಂದು, ಅಪ್‌ಡೇಟ್ ಹಾಕುವ ಎಪಿಟಿಯ ಲಾಗ್ ತೆಗೆದು ನೋಡಿದೆ. ಸ್ವಾಪ್ ಬದಲಾಯಿಸಿದ ನಾಲ್ಕನೇ ದಿನ ಕರ್ನಲ್ ಅಪ್‌ಡೇಟ್ ಒಂದು ಬಂದಿತ್ತು. ಆಗ ಇನಿಟ್‌ರಾಮ್‌ಎಫ್‌ಎಸ್ ಕಟ್ಟುವಾಗ ಎಚ್ಚರಿಕೆ ಬಂದಿತ್ತು: ರಿಸ್ಯೂಮ್‌ಗೆ ಇಂಥ ಯುಯುಐಡಿ ಕೊಟ್ಟಿದ್ದೀರಿ, ಆದರೆ ಅದಕ್ಕೆ ಹೊಂದುವ ಸ್ವಾಪ್ ಡಿವೈಸ್ ಇಲ್ಲ. ಅಷ್ಟು ಸ್ಪಷ್ಟವಾಗಿ. ನಾನು ಎಂಟರ್ ಒತ್ತಿ ಟರ್ಮಿನಲ್ ಮುಚ್ಚಿರಬೇಕು. ಅಪ್‌ಡೇಟ್ ಓಡುವಾಗ ಆ ಸಾಲುಗಳನ್ನು ಯಾರು ಓದುತ್ತಾರೆ, ಅಲ್ವಾ?

ಎರಡನೆಯದು ಇನ್ನೂ ನಗು ತರಿಸುವಂಥದ್ದು. ಪವರ್ ಫೋಲ್ಡರಿನಲ್ಲಿ ಇಮೇಜ್-ಸೈಜ್ ಎಂಬ ಫೈಲ್ ಇದೆ. ಮೆಮೊರಿಯ ಪ್ರತಿಯನ್ನು ಎಷ್ಟರೊಳಗೆ ಇಡಲು ಪ್ರಯತ್ನಿಸಬೇಕು ಎಂದು ಕರ್ನಲ್‌ಗೆ ಹೇಳುವ ಸಂಖ್ಯೆ. ನಾವು ಮುಟ್ಟದಿದ್ದರೆ ಅದು ರ‍್ಯಾಮಿನ ಐದರಲ್ಲಿ ಎರಡು ಭಾಗ ಇರುತ್ತದೆ. 16 ಜಿಬಿಗೆ ಸುಮಾರು ಆರೂವರೆ ಜಿಬಿ. ಅದಕ್ಕಾಗಿ ಕರ್ನಲ್ ಮೊದಲು ಕ್ಯಾಶ್‌ಗಳನ್ನು ಖಾಲಿ ಮಾಡುತ್ತದೆ, ಉಳಿದದ್ದನ್ನು ಕುಗ್ಗಿಸಿ ಬರೆಯುತ್ತದೆ. ಭಾರೀ ಪ್ರೋಗ್ರಾಮ್‌ಗಳು ರ‍್ಯಾಮ್ ತುಂಬಿ ಕೂತಿದ್ದರೆ ಆ ಮಿತಿಯೊಳಗೆ ಹಿಡಿಯುವುದು ಕಷ್ಟ, ಆಗ ದೊಡ್ಡ ಸ್ವಾಪ್ ಬೇಕಾಗಬಹುದು. ಆದರೆ ನನ್ನದು ಜಾತ್ರೆ ಲೆಕ್ಕ, ಒಂದಿಷ್ಟು ಬ್ರೌಸರ್ ಟ್ಯಾಬ್. ಹಳೆ 8 ಜಿಬಿ ಸ್ವಾಪೇ ನನಗೆ ಧಾರಾಳವಾಗಿ ಸಾಕಿತ್ತು. ಅದನ್ನು ಮುಟ್ಟದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಈಗ ಎಫ್‌ಎಸ್‌ಟ್ಯಾಬ್‌ನ ಸ್ವಾಪ್ ಸಾಲಿನ ಮೇಲೆ ಕನ್ನಡದಲ್ಲೇ ಒಂದು ಕಾಮೆಂಟ್ ಬರೆದಿಟ್ಟಿದ್ದೇನೆ: ‘ಈ ನಂಬರ್ ಬದಲಾಯಿಸಿದರೆ ಇನಿಟ್‌ರಾಮ್‌ಎಫ್‌ಎಸ್‌ನ ರಿಸ್ಯೂಮ್ ಫೈಲೂ ನೋಡು.’ ಗ್ರಬ್‌ನಿಂದ ಕ್ವಯಟ್, ಸ್ಪ್ಲಾಷ್ ಎರಡನ್ನೂ ಖಾಯಂ ಆಗಿ ತೆಗೆದಿದ್ದೇನೆ. ಪವರ್ ಬಟನ್ ಒತ್ತಿದರೆ ಈಗ ಲೋಗೋ ಬರುವುದಿಲ್ಲ, ಬಿಳಿ ಅಕ್ಷರಗಳು ಓಡುತ್ತವೆ. ಮನೆಯವರು ಮೊದಲ ದಿನ ನೋಡಿ, ‘ಮತ್ತೆ ಕೆಡ್ತಾ?’ ಎಂದು ಕೇಳಿದರು.